ನನ್ನನ್ನು ದಿವಾನನನ್ನಾಗಿ ಮಾಡಿದಾತ

ಆತನ ಹೆಸರನ್ನು ಈ ಬರಹದಲ್ಲಿ ಎಲ್ಲಿಯೂ ಬರೆಯುವುದಿಲ್ಲವೆಂದು ಮೊದಲೇ ತಿಳಿಸಿಬಿಡುತ್ತೇನೆ. ನನಗೆ ತಂದೆತಾಯಿಗಳು ಯೋಚಿಸಿ ಇಟ್ಟ ಹೆಸರೊಂದಿತ್ತು. ಹಾಸನದಿಂದ ಹೊಳೆನರಸೀಪುರದವರೆಗೆ, ಆ ಕಡೆ ಅರಕಲಗೂಡು, ಈ ಕಡೆ ಚನ್ನರಾಯಪಟ್ಟಣದವರೆಗೆ ಜನರ ಬಾಯಿಂದ ಆ ಹೆಸರನ್ನು ಅಳಿಸಿ, ಅದರ ಜಾಗದಲ್ಲಿ ಇನ್ನೊಂದನ್ನು ಅಂಟಿಸಿದವನು ಆತ. ಹೀಗಿರುವಾಗ ಆತನ ಹೆಸರನ್ನು ಅಚ್ಚಿನಲ್ಲಿ ಉಳಿಸಿಕೊಡುವ ಹೊಣೆ ನನ್ನದಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೆ ಆತ ತೀರಿಕೊಂಡ. ನಾವಿಬ್ಬರೂ ಪಾಠ ಹೇಳಿದ ಕಾಲೇಜಿನವರು ಸ್ಮರಣ ಸಂಚಿಕೆಗೆಂದು ನನ್ನಿಂದ ನಾಲ್ಕು ಒಳ್ಳೆಯ ಮಾತು ಕೇಳಿದರು. ತೀರಿಕೊಂಡವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕೆಂಬ ಮರ್ಯಾದೆ ನನಗೂ ಗೊತ್ತು. ಆದರೆ ಎದುರಿಗೆ ಜೀವಂತ ಕುಳಿತಿದ್ದ ನನ್ನ ವಿಷಯದಲ್ಲಿ ಆತ ಯಾವ ಮರ್ಯಾದೆಯನ್ನೂ ಪಾಲಿಸಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಅದರಲ್ಲಿ ಒಳ್ಳೆಯ ಮಾತು ನುಸುಳಿಕೊಂಡರೆ ಅದು ನನ್ನ ಉದ್ದೇಶವಲ್ಲವೆಂದು ಓದುಗರು ತಿಳಿಯಬೇಕು.

ಹೊಳೆನರಸೀಪುರದ ಪದವಿಪೂರ್ವ ಕಾಲೇಜಿನಲ್ಲಿ ನಾನು ಕನ್ನಡ ಹೇಳುತ್ತಿದ್ದೆ, ಆತ ಇತಿಹಾಸ. ಇಬ್ಬರ ಮನೆಯೂ ಆಗ ಹಾಸನದಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಸಂಜೆಯದರಲ್ಲಿ ಬರುವುದು. ನಮ್ಮಂತೆಯೇ ಸೀಸನ್ ಪಾಸಿನವರು ಒಂದು ಬೋಗಿ ತುಂಬುವಷ್ಟಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರು, ಪ್ರೈಮರಿ ಶಾಲೆಯ ಮೇಡಂಗಳು, ಬ್ಯಾಂಕಿನ ಇಬ್ಬರು ಕ್ಯಾಷಿಯರುಗಳು, ನೀರಾವರಿ ಇಲಾಖೆಯ ಜವರಪ್ಪ. ಪ್ರತಿದಿನ ಅದೇ ಬೋಗಿ, ಅದೇ ಸೀಟು. ಮೊದಮೊದಲು ಸೂಟ್‌ಕೇಸನ್ನು ಮೊಣಕಾಲುಗಳ ಮೇಲಿಟ್ಟು ಇಸ್ಪೀಟು ಆಡುತ್ತಿದ್ದರು. ಒಂದು ಬೆಳಿಗ್ಗೆ ಎದುರಿನ ಗಾಡಿಗೆ ದಾರಿ ಬಿಡಲೆಂದು ಮಾವಿನಕೆರೆಯಲ್ಲಿ ನಮ್ಮ ರೈಲನ್ನು ಬಹಳ ಹೊತ್ತು ನಿಲ್ಲಿಸಿದರು. ಆಟದಲ್ಲಿ ಸೋತು ಕೈಬಿಟ್ಟು ಕುಳಿತಿದ್ದ ಆತ ಪಕ್ಕದವರಿಗೆ ತಾನು ಓದುತ್ತಿದ್ದ ಯಾವುದೋ ಇಂಗ್ಲಿಷ್ ಸಾಹಸ ಕಾದಂಬರಿಯ ಕಥೆ ಹೇಳತೊಡಗಿದ. ರೈಲು ಹೊರಡುವ ಹೊತ್ತಿಗೆ ಎಲೆಗಳೆಲ್ಲ ಬೋರಲಾಗಿ ಬಿದ್ದಿದ್ದವು. ಆ ಬೋಗಿಯಲ್ಲಿ ಮತ್ತೆ ಇಸ್ಪೀಟು ಕಾಣಿಸಲಿಲ್ಲ.

ನೋಡಲು ಆತ ಕಥೆಗಾರನಂತೆ ಏನೂ ಇರಲಿಲ್ಲ. ಗಿಡ್ಡ, ದಪ್ಪ ಕುತ್ತಿಗೆ, ತಲೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ. ಮಣಿಕಟ್ಟಿಗೆ ಸುತ್ತಿಕೊಂಡ ಬಟ್ಟೆಚೀಲದಲ್ಲಿ ಯಾವಾಗಲೂ ಎರಡು ಮೂರು ಹಳೆಯ ಕಾದಂಬರಿಗಳು, ಎಲ್ಲಕ್ಕೂ ಶಾಲೆಯ ಮಕ್ಕಳಂತೆ ಬ್ರೌನ್ ಪೇಪರಿನ ಹೊದಿಕೆ. ಕಥೆ ಕುತೂಹಲದ ಜಾಗಕ್ಕೆ ಬಂದಾಗ ಎಡಕಿವಿಯ ಹಾಲೆಯನ್ನು ಹಿಡಿದು ಎಳೆದುಕೊಳ್ಳುತ್ತಿದ್ದ. ದನಿಯನ್ನು ಏರಿಸುವ ಬದಲು ಇಳಿಸುತ್ತಿದ್ದ. ನಿಂತವರು ಬಾಗುತ್ತಿದ್ದರು, ಕುಳಿತವರು ಮುಂದಕ್ಕೆ ಜರುಗುತ್ತಿದ್ದರು. ಹೊಳೆನರಸೀಪುರದ ಸ್ಟೇಷನ್ನಿಗೆ ರೈಲು ನಿಧಾನವಾಗುತ್ತಿದ್ದಂತೆ, ವಾಕ್ಯದ ಮಧ್ಯದಲ್ಲಿ, ಕ್ರಿಯಾಪದವನ್ನೂ ಹೇಳದೆ ಎದ್ದುಬಿಡುತ್ತಿದ್ದ. ವ್ಯಾಕರಣ ಬಲ್ಲ ನನ್ನಂಥವನಿಗೆ ಅದೊಂದು ಹಿಂಸೆ.

ಒಮ್ಮೆ ಹಾಗೆ ನಿಲ್ಲಿಸಿದ ಮೇಲೆ ಸಿಗ್ನಲ್ ಸಿಗದೆ ರೈಲು ಊರ ಹೊರಗೇ ನಿಂತಿತು. ಎಲ್ಲರೂ ಗೋಗರೆದರು. ಆತ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ, "ಇವತ್ತಿನ ಪಾಲು ಆಯ್ತು ಕಣ್ರಪ್ಪ. ಸಿಗ್ನಲ್ ಕೊಡದೇ ಇದ್ರೆ ಅದು ನನ್ನ ತಪ್ಪಾ?" ಎಂದ. ಸಿಗ್ನಲ್ ಬಿದ್ದು ರೈಲು ಹೊರಟರೂ ಆತ ಕಥೆ ಮುಂದುವರಿಸಲಿಲ್ಲ.

ಆ ಕಥೆಗಳನ್ನು ಆತ ಮೂಲದಲ್ಲಿದ್ದಂತೆ ಹೇಳುತ್ತಿರಲಿಲ್ಲ. ಕಡಲೆಲ್ಲ ಗೊರೂರಿನ ಹೇಮಾವತಿ ಹಿನ್ನೀರಾಗುತ್ತಿತ್ತು. ಪರದೇಶದ ಬೇಹುಗಾರರು ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಹಿರೀಸಾವೆಯ ಹೆದ್ದಾರಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವನು ಕತ್ತು ವಾಲಿಸಿದರೆ ಬೆನ್ನಿನಲ್ಲಿ ಚೂರಿ ಇರುತ್ತಿತ್ತು. "ದೂರದ ದೇಶದಲ್ಲಿ ನಡೆದ್ರೆ ಅದು ಪೇಪರಿನ ಸುದ್ದಿ. ನಾವು ಟೀ ಕುಡಿಯೋ ಜಾಗದಲ್ಲಿ ನಡೆದ್ರೆ ಸಾಹಸ," ಎನ್ನುವುದು ಆತನ ಸಿದ್ಧಾಂತ.

ಜವರಪ್ಪನ ಊರು ಹಿರೀಸಾವೆಯ ಹತ್ತಿರ. ಗೊರೂರಿನ ಇಲಾಖೆ ಕ್ವಾರ್ಟರ್ಸಿನಲ್ಲಿ ಬಹಳ ವರ್ಷ ಇದ್ದು ಬಂದವನು. ಹಿನ್ನೀರಿನಲ್ಲಿ ಜಲಾಂತರ್ಗಾಮಿ ನೌಕೆ ತೇಲಿದ ದಿನ ಅವನಿಗೆ ತಡೆಯಲಾಗಲಿಲ್ಲ.

"ಅಲ್ಲಾ ಸಾ, ಅಂಗೆಲ್ಲಾ ಆಗಕಿಲ್ಲ. ನಾನ್ ಅಲ್ಲೇ ಕೆಲ್ಸ ಮಾಡಿವ್ನಿ. ಗೇಟ್ ತಾವ ಬಂದ್ರೆ ಸಿಕ್ಕಾಕ್ಕೊತ್ತದೆ ಅದು."

"ಅದಕ್ಕೇ ಜವರಪ್ಪ, ಗೇಟ್ ತೆಗೆಯೋಕೆ ಗೊತ್ತಿರೋ ಒಬ್ಬನನ್ನ ಅವರು ನಿನ್ನೆ ಸಂತೆಯಿಂದ ಎತ್ತಾಕ್ಕೊಂಡು ಹೋದ್ರು. ಹಿರೀಸಾವೆ ಕಡೆಯೋನು. ಪ್ರಾಣ ಹೋದ್ರೂ ಬಾಯಿ ಬಿಡ್ಲಿಲ್ಲ."

ಜವರಪ್ಪ ಆ ದಿನ ಕಚೇರಿಗೆ ಎದೆಯುಬ್ಬಿಸಿಕೊಂಡು ನಡೆದ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಪಾಲು ಹಂಚುತ್ತಿದ್ದ ಆತ ನನ್ನ ಪಾಲಿಗೆ ಏನು ಇಟ್ಟಿದ್ದನೆಂಬುದು ಇನ್ನು ಮುಂದಿನ ವಿಷಯ.

ರೈಲಿನ ಸೀಟುಗಳ ಮೇಲೆ ಯಾರು ಯಾರು ಏನೇನು ಇಟ್ಟಿರುತ್ತಾರೆಂದು ಬಲ್ಲವರಾರು? ಹಿಂದಿನ ದಿನದ ಪತ್ರಿಕೆಯಿಂದ ಸೀಟನ್ನು ಒರೆಸಿ, ಆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟು ನಾನು ಕುಳಿತುಕೊಳ್ಳುತ್ತಿದ್ದೆ. ಇದು ಶುಚಿತ್ವ. ಬೇಸಿಗೆಯಲ್ಲಿಯೂ ಛತ್ರಿ ಹಿಡಿಯುತ್ತಿದ್ದೆ. ಇದು ಮುಂದಾಲೋಚನೆ. ಒಂದು ಸೋಮವಾರ ಆತನ ಹೊಸ ಕಥೆಯಲ್ಲಿ ಖಳನಾಯಕನ ಪ್ರವೇಶವಾಯಿತು. ಹಾಳುಬಿದ್ದ ಕೋಟೆಯ ಸಭಾಂಗಣ, ಸುತ್ತ ಬಂದೂಕುಧಾರಿಗಳು, ಎಲ್ಲರೂ ಎದ್ದು ನಿಂತಿದ್ದಾರೆ, ಅವರ ಯಜಮಾನ ಬರುತ್ತಾನೆ. ಅವನ ಹೆಸರು ದಿವಾನ.

"ದಿವಾನ ಕುರ್ಚಿ ಹತ್ರ ಬಂದ," ಎಂದು ಆತ ದನಿ ಇಳಿಸಿದ. "ಕೂರಲಿಲ್ಲ. ಜೇಬಿಂದ ನಿನ್ನೆಯ ಪೇಪರ್ ತೆಗೆದ. ಕುರ್ಚಿ ಒರೆಸಿದ."

ಬೋಗಿಯ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು.

"ಪೇಪರ್ನ ಮಡಿಸಿದ್ನಾ ಸಾ?" ಎಂದು ಜವರಪ್ಪ ಕೇಳಿದ.

"ನಾಲ್ಕು ಮಡಿಕೆ. ಮಡಿಸಿ ಒಳಗಿಟ್ಟು, ಕೂತು, ಆಮೇಲೆ ಹೇಳಿದ: ಅವನನ್ನು ಮುಗಿಸಿಬಿಡಿ."

ಆ ನಗುವನ್ನು ನಾನು ಮರೆತಿಲ್ಲ. ಮೇಡಂಗಳು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಲ್ಲಿಂದ ಮುಂದೆ ಕಥೆ ಯಾವುದೇ ಇರಲಿ, ಕಾಡಿನದಿರಲಿ, ಕಡಲಿನದಿರಲಿ, ಗುಪ್ತಚರರದಿರಲಿ, ಅದರಲ್ಲಿ ದಿವಾನ ಇದ್ದೇ ಇರುತ್ತಿದ್ದ. ಕೊನೆಯಲ್ಲಿ ಪ್ರಪಾತಕ್ಕೆ ಬೀಳುತ್ತಿದ್ದ, ಮುಂದಿನ ಕಥೆಗೆ ಯಾವ ಗಾಯವೂ ಇಲ್ಲದೆ ಎದ್ದು ಬರುತ್ತಿದ್ದ. ಕೊಲೆ ಮಾಡಿಸಿದ ಮೇಲೆ ಮೊಸರನ್ನ ತಿನ್ನುತ್ತಿದ್ದ. ಬೆದರಿಕೆ ಪತ್ರಗಳಲ್ಲಿ ಕಾಗುಣಿತ ತಿದ್ದಿ ಕಳಿಸುತ್ತಿದ್ದ. ಅವನ ಛತ್ರಿಯೊಳಗೆ ಕತ್ತಿ ಅಡಗಿದೆಯೆಂದು ಬಯಲಾದ ವಾರ ಸ್ಟೇಷನ್ನಿನಲ್ಲಿ ಟಿಕೆಟ್ ತಪಾಸಣೆಯವನು ನನ್ನನ್ನು ನಿಲ್ಲಿಸಿ, "ಸಾರ್, ತಪ್ಪು ತಿಳೀಬೇಡಿ, ಆ ಛತ್ರಿ ಒಂದ್ಸಲ ಬಿಚ್ಚಿ ತೋರಿಸ್ತೀರಾ?" ಎಂದ. ಅವನೂ ಆ ಬೋಗಿಯಲ್ಲಿ ನಿಂತು ಕಥೆ ಕೇಳುತ್ತಿದ್ದವನೇ.

ನಾನು ಪ್ರತಿಭಟಿಸಲಿಲ್ಲವೆಂದು ಯಾರೂ ಭಾವಿಸಬಾರದು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಇದು ಸಭ್ಯರು ಮಾಡುವ ಕೆಲಸವಲ್ಲ," ಎಂದೆ. ಆತ ಎದ್ದು ನಿಂತು ಕೈಮುಗಿದ.

"ಪಂಡಿತರೇ, ದಿವಾನನೇ ಬೇರೆ, ನೀವೇ ಬೇರೆ. ಅವನಿಗೆ ಒಂದು ಸಣ್ಣ ಅವಮಾನ ಆದ್ರೂ ವರ್ಷಗಟ್ಟಲೆ ನೆನಪಿಟ್ಕೊಂಡು ಸೇಡು ತೀರಿಸ್ಕೋತಾನೆ. ನೀವು ಅಂಥವರಲ್ಲ. ಅಂಥವರೇ ಅಂದ್ರೆ ಹೇಳಿ, ಈಗಲೇ ತಿದ್ಕೋತೀನಿ."

ಇದಕ್ಕೆ ಕೊಡಬೇಕಾಗಿದ್ದ ಉತ್ತರ ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ.

ಇಷ್ಟರಲ್ಲಿಯೇ ಮುಗಿದಿದ್ದರೆ ನಾನು ಕ್ಷಮಿಸದಿದ್ದರೂ ಸುಮ್ಮನಿರುತ್ತಿದ್ದೆನೇನೋ. ಆದರೆ ಹೆಸರು ರೈಲಿನಿಂದ ಇಳಿಯಿತು. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಹಣ್ಣಿನವಳು, "ದಿವಾನ್ರೇ, ಪಚ್‌ಬಾಳೆ ಬಂದವೆ ನೋಡಿ," ಎನ್ನತೊಡಗಿದಳು. ನನ್ನ ವಿದ್ಯಾರ್ಥಿಗಳ ತಂದೆಯರು ಆ ಹೆಸರನ್ನೇ ನನ್ನ ಮನೆತನದ ಹೆಸರೆಂದು ತಿಳಿದರು. ಇದೇ ಸಮಯದಲ್ಲಿ ನನ್ನ ಮಗಳಿಗೆ ಅರಕಲಗೂಡಿನ ಒಬ್ಬ ವರ್ತಕರ ಮನೆಯಿಂದ ಸಂಬಂಧ ಬಂತು. ನಮ್ಮ ಕಡೆ ಹೆಣ್ಣು ನೋಡಲು ಬರುವ ಮುಂಚೆ ಹೆಣ್ಣಿನ ತಂದೆ ದುಡಿಯುವ ಊರಿನಲ್ಲಿ ಸದ್ದಿಲ್ಲದೆ ವಿಚಾರಿಸುವ ಪದ್ಧತಿ. ಅವರು ಹಾಗೆಯೇ ಹೊಳೆನರಸೀಪುರದಲ್ಲಿ ವಿಚಾರಿಸಿದರು. "ಯಾರು, ದಿವಾನ್ರಾ? ದೊಡ್ಡೋರು ಸ್ವಾಮಿ," ಎಂದು ಕೇಳಿದವರೆಲ್ಲ ಹೇಳಿ ಕಳಿಸಿದರು.

ಅವರು ಎರಡು ಕಾರುಗಳಲ್ಲಿ ಬಂದರು. ಹಿರಿಯರೊಬ್ಬರು ಜರಿಪೇಟ ಸುತ್ತಿಕೊಂಡಿದ್ದರು. ನನ್ನ ಸಾಧಾರಣ ಮನೆಯ ನಡುಮನೆಯನ್ನು ಸುತ್ತಲೂ ನೋಡಿ, ದೊಡ್ಡ ಮನೆತನದವರು ಹೀಗೇ ಸರಳವಾಗಿರುತ್ತಾರೆಂದು ತಮ್ಮೊಳಗೇ ಸಮಾಧಾನ ಮಾಡಿಕೊಂಡವರಂತೆ ತಲೆದೂಗಿ ಕೇಳಿದರು: "ತಮ್ಮ ವಂಶಕ್ಕೆ ದಿವಾನಗಿರಿ ಯಾವ ಮಹಾರಾಜರ ಕಾಲದಲ್ಲಿ ಬಂತು ಬುದ್ಧಿ?"

ನಾನು ಸುಳ್ಳಾಡುವವನಲ್ಲ. ಅದು ರೈಲಿನಲ್ಲಿ ಒಬ್ಬ ಸಹೋದ್ಯೋಗಿ ಹೇಳುವ ಕಥೆಯ ಖಳನ ಹೆಸರೆಂದೂ, ಅದನ್ನು ನನಗೆ ಅಂಟಿಸಿದ್ದಾರೆಂದೂ ವಿವರಿಸಿದೆ. ವಿವರಿಸಿದಷ್ಟೂ ಅದು ಕೆಟ್ಟದಾಗಿ ಕೇಳಿಸಿತು. "ರೈಲಿನ ಕಥೆಯಾ?" ಎಂದು ಹಿರಿಯರು ಎರಡು ಸಲ ಕೇಳಿದರು. ಕೇಸರಿಬಾತನ್ನು ತಿಂದು ಎದ್ದರು. ಮುಂದಿನ ವಾರ ಜಾತಕ ಕೂಡಿಬರುತ್ತಿಲ್ಲವೆಂದು ಫೋನು ಬಂತು. ಮಗಳಿಗೆ ಆಮೇಲೆ ಚನ್ನರಾಯಪಟ್ಟಣದಲ್ಲಿ ಇದಕ್ಕಿಂತ ಒಳ್ಳೆಯ ಕಡೆ ಮದುವೆಯಾಯಿತು, ಸುಖವಾಗಿದ್ದಾಳೆ. ಅದರಿಂದ ಈ ಅಪರಾಧದ ತೂಕ ಕಡಿಮೆಯಾಗುವುದಿಲ್ಲ.

ಮನಸ್ಸು ತಡೆಯದೆ ಇದನ್ನು ಜವರಪ್ಪನೊಬ್ಬನಿಗೆ ಹೇಳಿದ್ದೆ. ಎರಡು ದಿನ ಬಿಟ್ಟು ರೈಲಿನಲ್ಲಿ ದಿವಾನನ ಅರಮನೆಗೆ ವರನ ಕಡೆಯವರು ಬಂದರು. ಅರಮನೆಯ ಗೋಡೆಗೆ ಒರಗಿದ ಹಿರಿಯರೊಬ್ಬರು ಗೋಡೆಯ ಸಮೇತ ಆಚೆಗೆ ಬಿದ್ದರು. ಅದು ಬಣ್ಣ ಬಳಿದ ರಟ್ಟಾಗಿತ್ತು. ಬೋಗಿ ಬಿದ್ದು ಬಿದ್ದು ನಕ್ಕಿತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ನೋಡಿದೆ. ಇದಕ್ಕೆ ತಕ್ಕದ್ದನ್ನು ತೀರಿಸದೆ ಬಿಡುವುದಿಲ್ಲವೆಂದು ಅಂದೇ ನಿಶ್ಚಯಿಸಿದೆ. ನನ್ನ ಹೆಸರು ನನಗೆ ವಾಪಸು ಬರಬೇಕು. ಬಾರದಿದ್ದರೆ, ನಾನು ತಿಂದದ್ದನ್ನು ಆತನೂ ತಿನ್ನಬೇಕು.

ಕಥೆಗಾರನನ್ನು ಹೊಡೆಯಲು ಕಥೆಯ ಕೊನೆಯೇ ಸರಿಯಾದ ಆಯುಧವೆಂದು ನನಗೆ ತೋರಿತು. ಆತನ ಚೀಲದಲ್ಲಿದ್ದ ಪುಸ್ತಕದ ಹೊದಿಕೆ ಹರಿದಾಗ ಶೀರ್ಷಿಕೆಯನ್ನು ಓದಿಕೊಂಡು, ಮೈಸೂರಿನ ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿ ಅದೇ ಕಾದಂಬರಿಯನ್ನು ತಂದೆ. ಚಂಪೂಕಾವ್ಯಗಳಲ್ಲಿ ತಲೆ ನರೆತವನು ನಾನು. ಅಂಥ ಪುಸ್ತಕವನ್ನು ಅಲ್ಲಿಯವರೆಗೆ ಕೈಯಿಂದ ಮುಟ್ಟಿದವನಲ್ಲ. ಭಾನುವಾರ ಬೆಳಿಗ್ಗೆ ಹಿಡಿದದ್ದು, ಹೆಂಡತಿ ಊಟಕ್ಕೆ ಕರೆದದ್ದು ಕಿವಿಗೆ ಬೀಳಲಿಲ್ಲ. ಓದಿಸಿಕೊಂಡಿತು, ಮರೆಮಾಚುವುದಿಲ್ಲ. ಅದರಲ್ಲಿ ಯಾರೂ ತಮ್ಮ ಮನಸ್ಸನ್ನು ಪುಟಗಟ್ಟಲೆ ಬಿಚ್ಚಿಡುವುದಿಲ್ಲ. ಒಬ್ಬನ ಕೈಯಲ್ಲಿ ಹಗ್ಗವಿದೆ, ಹಗ್ಗದ ಒಂದು ಎಳೆ ಸವೆದಿದೆ, ಕೆಳಗೆ ಬಂಡೆಗಳಿವೆ, ಅಷ್ಟೇ. ಆದರೆ ಆ ಸವೆದ ಎಳೆಯನ್ನು ಲೇಖಕ ನಾಲ್ಕು ಪುಟಗಳ ಹಿಂದೆಯೇ, ಯಾವುದೋ ನೆಪದಲ್ಲಿ ತೋರಿಸಿ ಮುಂದೆ ಹೋಗಿರುತ್ತಾನೆ. ಆ ಜಾಣತನವನ್ನು ನಮ್ಮ ಕಾವ್ಯಮೀಮಾಂಸೆಯಲ್ಲಿ ಏನೆಂದು ಕರೆಯಬೇಕೆಂದು ನಾನು ಯೋಚಿಸಿದ್ದುಂಟು.

ಮರುದಿನ ಬೆಳಿಗ್ಗೆ ಮಾವಿನಕೆರೆ ದಾಟುತ್ತಿದ್ದಂತೆ, ಆತ ಅದೇ ಕಾದಂಬರಿಯ ಕಥೆ ಹೇಳುತ್ತಾ ಕಿವಿ ಎಳೆದುಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ನಾನು ಎದ್ದು ನಿಂತೆ. "ಕೊನೆಯಲ್ಲಿ ವೈದ್ಯನೇ ದ್ರೋಹಿ. ನಕ್ಷೆ ಸುಳ್ಳು. ಬಂಗಾರ ಇರುವುದೇ ಇಲ್ಲ," ಎಂದು ಸ್ಪಷ್ಟವಾದ ಉಚ್ಚಾರಣೆಯಲ್ಲಿ ಹೇಳಿ ಕುಳಿತೆ. ಒಬ್ಬ ಮೇಡಂ, "ಛೇ, ಎಂಥಾ ಮನುಷ್ಯ," ಎಂದದ್ದು ಕೇಳಿಸಿತು. ಆತ ಚೀಲವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡ. ನನಗೆ ಆ ದಿನ ಪಾಠ ಬಹಳ ಚೆನ್ನಾಗಿ ಬಂತು.

ಆದರೆ ಅದರ ಮಾರನೆಯ ದಿನ, ಹಾಸನದ ಸ್ಟೇಷನ್ ಬಿಡುವುದಕ್ಕೂ ಮೊದಲೇ, ಆತ ವೈದ್ಯನನ್ನು ಕೊಂದುಬಿಟ್ಟ. ಕಥಾನಾಯಕ ಜಯರಾಮನತ್ತ ಹಾರಿಬಂದ ಗುಂಡಿಗೆ ವೈದ್ಯ ತನ್ನ ಎದೆಯನ್ನು ಒಡ್ಡಿದ. ಸಾಯುವಾಗ ಅವನ ಮುಚ್ಚಿದ ಮುಷ್ಟಿಯಲ್ಲಿ ನಿಜವಾದ ನಕ್ಷೆ ಸಿಕ್ಕಿತು. ಮೇಡಂಗಳು ಕಣ್ಣೊರೆಸಿಕೊಂಡರು.

"ಏನ್ ಸಾ ನೀವು," ಎಂದು ಜವರಪ್ಪ ನನ್ನನ್ನು ತರಾಟೆಗೆ ತೆಗೆದುಕೊಂಡ. "ಅಂಥಾ ಪುಣ್ಯಾತ್ಮನ್ನ ದ್ರೋಹಿ ಅಂದ್ಬುಟ್ರಲ್ಲಾ! ದಿವಾನನ್ ಬುದ್ಧಿ ತೋರಿಸ್ಬುಟ್ರಿ ಕಣ ಸಾ."

ನಾನು ಪುಸ್ತಕವನ್ನೇ ತೆಗೆದು ಆತನ ಮುಂದೆ ಹಿಡಿದೆ. "ಇದರಲ್ಲಿ ನೀವು ಹೇಳಿದ ಯಾವುದೂ ಇಲ್ಲ. ಮುಖ್ಯವಾಗಿ ದಿವಾನನೇ ಇಲ್ಲ. ಆದಿಯಿಂದ ಅಂತ್ಯದವರೆಗೆ ಇಲ್ಲ."

ಆತ ಪುಸ್ತಕವನ್ನು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಅದರ ಮೇಲಿನ ಧೂಳನ್ನು ಊದಿ ನನಗೆ ಹಿಂದಿರುಗಿಸಿದ. "ಅದಕ್ಕೇ ಪಂಡಿತರೇ, ಅದು ಹಳೇ ಪುಸ್ತಕದಂಗಡೀಲಿ ಬಿದ್ದಿತ್ತು."

ಮುಂದೆ ಬಹಳ ದಿನ ಆತನೊಡನೆ ಮಾತಾಡಲಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಆತ ಬೇರೆಯವರೊಡನೆ ಆಡಿದ ಮಾತುಗಳನ್ನು ಕೇಳದಿರಲು ನನಗೆ ಸಾಧ್ಯವಿರಲಿಲ್ಲ. ಆ ಹಳೆಯ ಕಾದಂಬರಿಗಳನ್ನು ಬರೆದವರ ಮೇಲೆ ಆತನಿಗಿದ್ದ ಗೌರವ ಇತಿಹಾಸದ ಯಾವ ಚಕ್ರವರ್ತಿಯ ಮೇಲೂ ಇರಲಿಲ್ಲ. ಅವರಲ್ಲಿ ಕೆಲವರು ಹಡಗಿನಲ್ಲಿ ದುಡಿದು ಬಂದವರು, ಕೆಲವರು ಗುಪ್ತಚರ ಕೆಲಸದಲ್ಲಿದ್ದವರು, ಇನ್ನು ಕೆಲವರು ಮನೆಯ ಮೇಜು ಬಿಟ್ಟು ಕದಲದೆ ಭೂಪಟ ಹರಡಿಕೊಂಡೇ ಲೋಕವನ್ನೆಲ್ಲ ಸುತ್ತಿಸಿದವರು. "ಹೋಗಿ ನೋಡಿ ಬಂದು ಬರೆಯೋದರಲ್ಲಿ ಏನಿದೆ? ಹೋಗಲಾರದವನು ಬರೀತಾನಲ್ಲ, ಅವನು ಗುರು," ಎನ್ನುತ್ತಿದ್ದ. ಇನ್ನೊಮ್ಮೆ ಅರ್ಥಶಾಸ್ತ್ರದವರು, "ವಯಸ್ಸಾದ ಮೇಲೂ ಇದೆಂಥ ಹುಡುಗಾಟದ ಓದು ಸಾರ್?" ಎಂದಾಗ ಆತ ಹೇಳಿದ: "ನಮ್ಮ ಬೋಗಿ ನೋಡಿದ್ದೀರಲ್ಲ. ದಿನಾ ಅದೇ ರೈಲು, ಅದೇ ಊಟದ ಡಬ್ಬಿ, ಅದೇ ಸಾಹೇಬನ ಬೈಗುಳ. ಅವರಿಗೆ ಬುದ್ಧಿ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಓಡು ಅಂತ ಹೇಳೋನು ಒಬ್ಬನಾದ್ರೂ ಬೇಡ್ವಾ? ಓಡೋಕೆ ಹಿಂದೆ ಒಬ್ಬ ಅಟ್ಟಿಸ್ಕೊಂಡು ಬರ್ಬೇಕು. ಹೀರೋ ಯಾವನಾದ್ರೂ ನಡೆಯುತ್ತೆ, ಖಾಲಿ ಬಿಂದಿಗೆ ಥರ ಇದ್ರೆ ಇನ್ನೂ ಒಳ್ಳೇದು, ಕೇಳೋನು ಒಳಗೆ ಕೂತ್ಕೋತಾನೆ. ಅಟ್ಟಿಸ್ಕೊಂಡು ಬರೋನು ಮಾತ್ರ ನಾವು ಕಣ್ಣಾರೆ ಕಂಡೋನೇ ಆಗ್ಬೇಕು."

ಇದನ್ನು ಹೇಳುವಾಗ ಆತ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲವೆಂಬುದನ್ನೂ ನಾನು ನೆನಪಿಟ್ಟುಕೊಂಡಿದ್ದೇನೆ.

ನಿವೃತ್ತಿಯ ನಂತರ ಆತ ಅರಕಲಗೂಡಿಗೆ ಹೋಗಿ ನೆಲೆಸಿದ. ಹೆಂಡತಿಯ ತವರು ಮಲ್ಲಿಪಟ್ಟಣ ಅಲ್ಲಿಗೆ ಹತ್ತಿರ. ಪೀಡೆ ಕಳೆಯಿತೆಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಜವರಪ್ಪ ಬೋಗಿಯವರದೊಂದು ವಾಟ್ಸಾಪ್ ಗುಂಪು ಮಾಡಿದ. ಪ್ರತಿದಿನ ಬೆಳಿಗ್ಗೆ, ಪ್ಯಾಸೆಂಜರ್ ಹಾಸನ ಬಿಡುವ ಹೊತ್ತಿಗೆ, ಆತನ ದನಿಯಲ್ಲಿ ಕಥೆ ಬರತೊಡಗಿತು. ನಾನು ಗುಂಪಿನಿಂದ ಹೊರಬರಲಿಲ್ಲ. ಶತ್ರುವಿನ ಚಲನವಲನ ತಿಳಿದಿರಬೇಕು. ಕಾಫಿಯ ಲೋಟ ಹಿಡಿದು, ದಿವಾನ ಇಂದು ಏನು ಪಾಪ ಮಾಡಿದನೆಂದು ಪ್ರತಿದಿನವೂ ಕೇಳಿದೆ; ಒಂದು ದಿನವೂ ತಪ್ಪಿಸಲಿಲ್ಲ.

ಕಳೆದ ವರ್ಷದ ಕೊನೆಯಲ್ಲಿ ಆತನ ದನಿಯಲ್ಲಿ ಉಬ್ಬಸ ಸೇರಿಕೊಂಡಿತು. ವಾಕ್ಯಗಳು ತುಂಡಾದವು. ಸಂಕ್ರಾಂತಿಯ ಮೇಲೆ ಬಂದ ಕೊನೆಯ ಕಂತು ಹೀಗಿತ್ತು: ಗೊರೂರಿನ ಹಿನ್ನೀರಿನ ನಡುವೆ ಒಂದು ದೋಣಿ. ಕೈಕಾಲು ಕಟ್ಟಿಸಿಕೊಂಡ ಜಯರಾಮ ದೋಣಿಯ ತಳದಲ್ಲಿ ಬಿದ್ದಿದ್ದಾನೆ. ದಿವಾನ ಹಲಗೆಯನ್ನು ಪತ್ರಿಕೆಯಿಂದ ಒರೆಸುತ್ತಾನೆ. ಕೂರುತ್ತಾನೆ. "ಜಯರಾಮ," ಎನ್ನುತ್ತಾನೆ, "ಇಷ್ಟು ವರ್ಷ ನಿನಗೆ ಹೇಳದೇ ಇದ್ದ ಒಂದು ಮಾತು..." ಅಲ್ಲಿಗೆ ನಿಂತಿತು. ಎಂದಿನಂತೆ ನಿಲ್ಲಿಸಿದ್ದಾನೆಂದು ಎಲ್ಲರೂ ಬೈದುಕೊಂಡರು. ಮರುದಿನ ಕಥೆಯ ಬದಲು ಸಾವಿನ ಸುದ್ದಿ ಬಂತು.

ಅರಕಲಗೂಡಿಗೆ ನಾನೂ ಹೋಗಿದ್ದೆ. ಹೋಗದಿದ್ದರೆ ಆಡಿಕೊಳ್ಳುತ್ತಿದ್ದರು. ಎಲ್ಲ ಮುಗಿದು ಕೈಕಾಲು ತೊಳೆದುಕೊಳ್ಳುವಾಗ ಜವರಪ್ಪ ಪಕ್ಕಕ್ಕೆ ಬಂದು ಪಿಸುಗುಟ್ಟಿದ.

"ಸಾ, ದಿವಾನ ಏನ್ ಏಳಕ್ಕೋಗಿದ್ದ?"

"ಸುಮ್ಮನಿರಯ್ಯ. ಹೊತ್ತುಗೊತ್ತು ಬೇಡವೆ?"

"ಅದಲ್ಲ ಸಾ. ಇವ್ರು ಓಗ್ಬುಟ್ರು. ಇನ್ ಯಾರ್ನ ಕೇಳಾದು? ಅವ್ನು ಅಲ್ಲೇ ನೀರ್ ಮಧ್ಯದಾಗೆ ಕುಂತವ್ನೆ."

ಉತ್ತರಕ್ರಿಯೆಗಳೆಲ್ಲ ಕಳೆದ ಮೇಲೆ ಇದೇ ಪ್ರಶ್ನೆ ಗುಂಪಿನಲ್ಲಿಯೂ ಎದ್ದಿತು. ಕೊನೆಗೆ ಬ್ಯಾಂಕಿನ ಕ್ಯಾಷಿಯರೊಬ್ಬರು ಬರೆದರು: "ದಿವಾನರು ನಮ್ಮ ಜೊತೆಯಲ್ಲೇ ಇದ್ದಾರಲ್ಲ. ಅವರ ಮನಸ್ಸಿನ ಮಾತು ಅವರೇ ಹೇಳಲಿ." ನಾನು ಮೊದಲು ನಿರಾಕರಿಸಿದೆ. ಸ್ನಾನ ಮಾಡುತ್ತಿರುವಾಗ, ಬಿಸಿನೀರಿನ ತಂಬಿಗೆ ಎತ್ತಿದ ಕೈ ಹಾಗೆಯೇ ನಿಂತಿತು. ಎಷ್ಟೋ ವರ್ಷಗಳಿಂದ ಕಾದಿದ್ದ ಅವಕಾಶ ತಾನಾಗಿ ಕೈಗೆ ಬಂದಿತ್ತು. ಆತ ಎಲ್ಲವನ್ನೂ ನನ್ನ ಹಿಡಿತಕ್ಕೆ ಬಿಟ್ಟು ಹೋಗಿದ್ದ: ದೋಣಿ, ನೀರು, ಜಯರಾಮ, ದಿವಾನ, ಬಾಯಿ ತೆರೆದುಕೊಂಡು ಕುಳಿತ ಅಷ್ಟು ಜನ.

ಮರುದಿನ ಬೆಳಿಗ್ಗೆ ಫೋನನ್ನು ತುಟಿಯ ಹತ್ತಿರ ಹಿಡಿದು ಹೇಳಿದೆ. "ಜಯರಾಮ, ನಾನು ನಿನ್ನ ಶತ್ರುವಲ್ಲ. ನನ್ನ ಮಗಳನ್ನು ಸೆರೆಯಲ್ಲಿಟ್ಟು ಇಷ್ಟು ವರ್ಷ ಈ ಪಾಪಗಳನ್ನೆಲ್ಲ ನನ್ನಿಂದ ಮಾಡಿಸಿದವನು ಬೇರೆ ಇದ್ದಾನೆ." ದಿವಾನನ ಅಷ್ಟೂ ಕೊಲೆಗಳನ್ನು ಒಂದೇ ಮಾತಿನಲ್ಲಿ ತೊಳೆದುಬಿಟ್ಟೆ. ಆಮೇಲೆ ದಿವಾನನ ಕೈಯಿಂದಲೇ ಜಯರಾಮನ ಕಟ್ಟು ಬಿಚ್ಚಿಸಿದೆ. ಎರಡನೆಯ ದಿನ ಅವರ ಹಿಂದೆ ಇನ್ನೊಂದು ದೋಣಿಯನ್ನು ಬಿಟ್ಟೆ. ಮೂರನೆಯ ದಿನ ಆ ದೋಣಿಯಲ್ಲಿ ನಿಂತವನ ಮುಖಕ್ಕೆ ಬೆಳಕು ಬೀಳಿಸಿದೆ: ಗಿಡ್ಡ, ದಪ್ಪ ಕುತ್ತಿಗೆ, ಎಣ್ಣೆ ಸುರಿಯುವ ತಲೆ, ಮಣಿಕಟ್ಟಿಗೆ ಸುತ್ತಿದ ಬಟ್ಟೆಚೀಲ. "ಅವನು ಎಡಕಿವಿಯ ಹಾಲೆಯನ್ನು ಹಿಡಿದು ಎಳೆದುಕೊಂಡ," ಎಂದೆ. "ಆಮೇಲೆ, ಬಹಳ ಮೆಲ್ಲಗಿನ ದನಿಯಲ್ಲಿ..." ಎಂದು ಅಲ್ಲಿಗೆ ನಿಲ್ಲಿಸಿದೆ.

ಗುಂಪಿನಲ್ಲಿ ಮೊದಲು ಜವರಪ್ಪನ ದನಿ ಬಂತು. "ಅಯ್ಯಯ್ಯಪ್ಪೋ! ಇವ್ರಾ ಸಾ! ಎಲ್ಲಾ ಮಾಡ್ಸಿದ್ದು ಇವ್ರಾ! ನಾಳೀಕ್ ಬೇಗ ಆಕಿ ಸಾ, ಹೊಟ್ಟೆಗೆ ಅನ್ನ ಇಳೀತಿಲ್ಲ." ಅದರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಯಾರಿಗೂ ಅನುಮಾನವಿರಲಿಲ್ಲ; ಎಲ್ಲರೂ ಕಣ್ಣಾರೆ ಕಂಡವನೇ ಆಗಿದ್ದ. ನನ್ನನ್ನು ಈಗಲೂ ದಿವಾನರೆಂದೇ ಕರೆದರು. ಆದರೆ ಇನ್ನು ಮುಂದೆ ಈ ನಾಲ್ಕು ತಾಲ್ಲೂಕುಗಳಲ್ಲಿ ಖಳನೆಂದರೆ ಯಾರ ಮುಖ ಕಣ್ಣಿಗೆ ಬರುತ್ತದೆಂಬುದು ತೀರ್ಮಾನವಾಯಿತು.

ನನಗೆ ದಯೆಯೇನೂ ಬರಲಿಲ್ಲ. ದಿನ ಕಳೆದಂತೆ ಆತನನ್ನು ಇನ್ನಷ್ಟು ಕ್ರೂರಿಯನ್ನಾಗಿ ಮಾಡಿದೆ. ಬಾಯಲ್ಲಿ ಕಠಾರಿ ಕಚ್ಚಿಸಿ ಹಿನ್ನೀರಿಗೆ ಹಾರಿಸಿದೆ. ಮೀನಿನಂತೆ ಈಜಿ ಬಂದು ದಿವಾನನ ದೋಣಿಯ ಅಂಚನ್ನು ಹಿಡಿದನೆಂದು ಹೇಳಿ ಆ ದಿನದ ಪಾಲು ಮುಗಿಸಿದೆ.

ಅಂದು ಮಧ್ಯಾಹ್ನ ಅರಕಲಗೂಡಿನಿಂದ ಫೋನು ಬಂತು. ಪರದೆಯ ಮೇಲೆ ಆತನ ಹೆಸರೇ ಕಾಣಿಸಿತು. ಮಾತಾಡಿದವರು ಆತನ ಹೆಂಡತಿ.

"ಮೇಷ್ಟ್ರೇ, ಅವ್ರ ಪೋನು ನನ್ ತಾವೇ ಅದೆ. ನಿಮ್ ಕತೆ ದಿನಾ ಕೇಳ್ತಿವ್ನಿ."

ಬೈಗುಳಕ್ಕೆ ಸಿದ್ಧನಾದೆ. ಮೊದಲು ಶುರುಮಾಡಿದವನು ಯಾರೆಂಬುದನ್ನು ಕ್ರಮವಾಗಿ ಹೇಳಲು ವಾಕ್ಯಗಳನ್ನು ಜೋಡಿಸಿಕೊಂಡೆ. "ಹೇಳಿ ತಾಯಿ," ಎಂದೆ.

"ಒಂದ್ ತಪ್ಪು ಮಾಡ್ಬುಟ್ಟಿದೀರಿ. ಇವತ್ತು ಈಜ್ಕೊಂಡ್ ಬಂದ ಅಂದ್ರಲ್ಲ, ಅವ್ರಿಗೆ ಈಜು ಎಲ್ ಬತ್ತಿತ್ತು? ನೀರು ಕಂಡ್ರೆ ಜೀವ ಬುಡೋರು. ಮದ್ವೆ ಆದ ಒಸದ್ರಲ್ಲಿ ಗೊರೂರ್ ಡ್ಯಾಮ್ ತೋರ್ಸಿ ಅಂದೆ. ಕರ್ಕೊಂಡೇನೋ ಓದ್ರು. ಇವ್ರು ಬಸ್ ಬುಟ್ಟು ಇಳೀಲೇ ಇಲ್ಲ. ನಾನೊಬ್ಳೇ ಓಗಿ ನೋಡ್ಕೊಂಡ್ ಬಂದೆ. ಅಲ್ಲಿ ನೀರು ಎಂಗದೆ, ಅಲೆ ಎಂಗ್ ಬತ್ತದೆ ಅಂತ ವಾಪಸ್ ಬರೋ ಗಂಟ ನನ್ನೇ ಕೇಳುದ್ರು."

ಅಷ್ಟು ವರ್ಷ ಬೋಗಿ ತುಂಬ ಜನರನ್ನು ಆತ ಆ ನೀರಿನ ಮೇಲೆ ತೇಲಿಸಿದ್ದ, ಮುಳುಗಿಸಿದ್ದ, ಬಿರುಗಾಳಿಗೆ ಒಡ್ಡಿದ್ದ.

"ಇದು ಬೇರೆ ಯಾರಿಗಾದರೂ ಗೊತ್ತೆ ತಾಯಿ?"

"ಯಾರ್ಗೂ ಇಲ್ಲ. ಏಳ್ಬ್ಯಾಡ ಅಂತ ಆಣೆ ಇಕ್ಸಿದ್ರು. ಈಗ ಓದ್ರಲ್ಲ, ಆಣೆ ತೀರ್ತು." ಅವರೇ ಮುಂದುವರಿಸಿದರು. "ಜನ್ಮ ಪೂರ್ತಿ ಊರ್ನೋರ್ಗೆಲ್ಲಾ ಕತೆ ಏಳುದ್ರು. ಮನೆಗ್ ಬಂದ್ರೆ ಮಾತೇ ಇಲ್ಲ, ದಣಿದೋಗಿರೋರು. ನಂಗೂವೆ ಅವ್ರ ಮ್ಯಾಲೆ ಒಂದೆರ್ಡು ಬಾಕಿ ಅವೆ ಮೇಷ್ಟ್ರೇ. ಬೇಗ ಮುಗಿಸ್ಬುಡ್ಬ್ಯಾಡಿ."

ಮರುದಿನ ಬೆಳಿಗ್ಗೆ, ಹಿನ್ನೀರು ಅತ್ಯಂತ ಆಳವಾಗಿರುವ ಜಾಗದಲ್ಲಿ, ದೋಣಿಯ ಅಂಚು ಆತನ ಕೈಯಿಂದ ಜಾರಿತು. ಈವರೆಗೆ ಈಜಿದ್ದೆಲ್ಲ ಬರೀ ನಟನೆ, ಸೊಂಟಕ್ಕೆ ಕಟ್ಟಿದ್ದ ಬೆಂಡಿನ ಸಹಾಯದಿಂದ ತೇಲಿ ಬಂದದ್ದು, ಆ ಬೆಂಡು ಈಗ ಬಿಚ್ಚಿಹೋಯಿತು ಎಂದು ವಿವರಿಸಿದೆ. "ಅವನಿಗೆ ಈಜು ಬರುತ್ತಿರಲಿಲ್ಲ," ಎಂದು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ. ಗುಂಪು ಅಲ್ಲೋಲಕಲ್ಲೋಲವಾಯಿತು. "ಬ್ಯಾಡಿ ಸಾ! ಮುಳುಗಿಸ್ಬ್ಯಾಡಿ ಸಾ!" ಎಂದು ಜವರಪ್ಪ ಹಿರೀಸಾವೆಯಿಂದ ಕೂಗಿದ.

ಮುಳುಗಿಸಿಲ್ಲ. ಒಂದು ಹಲಗೆ ಕೊಟ್ಟಿದ್ದೇನೆ. ಅದನ್ನು ತಬ್ಬಿಕೊಂಡು, ಆಗಾಗ ನೀರು ಕುಡಿಯುತ್ತಾ, ದಡದವರನ್ನು ಕೂಗುತ್ತಾ ಆತ ಇಂದಿಗೂ ತೇಲುತ್ತಿದ್ದಾನೆ. ಹಗ್ಗ ಹಿಡಿದು ಬರುವವರನ್ನೆಲ್ಲ ಯಾವುದೋ ಒಂದು ಕಾರಣಕ್ಕೆ ಹಿಂದಕ್ಕೆ ಕಳಿಸುತ್ತಿದ್ದೇನೆ. ನಾಳೆಗೂ ಒಂದು ಕಾರಣ ಯೋಚಿಸಿಟ್ಟಿದ್ದೇನೆ. ಅರಕಲಗೂಡಿನಿಂದ ದಿನವೂ ಮಧ್ಯಾಹ್ನ ಫೋನು ಬರುತ್ತದೆ, ನೀರು ಕುಡಿದಾಗ ಆತ ಹೇಗೆ ಕೆಮ್ಮುತ್ತಿದ್ದನೆಂದು ಅವರು ತಿದ್ದಿ ಹೇಳುತ್ತಾರೆ. ನನಗೆ ಯಾವ ಆತುರವೂ ಇಲ್ಲ. ಎಷ್ಟು ವರ್ಷ ಆತ ನನ್ನನ್ನು ಆಡಿಸಿದನೋ ಅಷ್ಟು ವರ್ಷವೂ ಅಲ್ಲಿಯೇ ಇರಲಿ. ದಡಕ್ಕೆ ಹತ್ತಲು ಬಿಡುವುದಿಲ್ಲ, ಮುಳುಗಲೂ ಬಿಡುವುದಿಲ್ಲ.